ಕೈಗೆ ಗೊತ್ತಿರತೈತ್ರಿ

ಬೆಟಗೇರಿ

ಕುಣಿಮಗ್ಗದಲ್ಲಿ ಕುಳಿತ ನೇಕಾರರೊಬ್ಬರು ಮಗಳ ಮದುವೆಯ ಸುದ್ದಿ ಹೇಳುತ್ತಿದ್ದರು. ಕಾಲು ತನ್ನ ಪಾಡಿಗೆ ತುಳಿಯುತ್ತಿತ್ತು, ಲಾಳಿ ಎಡಬಲ ಓಡುತ್ತಿತ್ತು, ಕಣ್ಣು ನನ್ನ ಮೇಲಿತ್ತು. ಮಾತಿನ ನಡುವೆಯೇ ಮಗ್ಗ ನಿಲ್ಲಿಸಿದರು. ಹಾಸಿನಲ್ಲಿ ಒಂದು ಎಳೆ ಹರಿದಿತ್ತು. ಹರಿದ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಇನ್ನೊಂದು ತುದಿಯ ಜೊತೆ ಹೊಸೆದು, ಗಂಟಿಕ್ಕಿ, ಮತ್ತೆ ಮದುವೆಯ ಮಾತಿಗೆ ಬಂದರು. ನೋಡದೆ ಹೇಗೆ ತಿಳಿಯಿತು ಎಂದು ಕೇಳಿದೆ.

"ಕೈಗೆ ಗೊತ್ತಿರತೈತ್ರಿ. ನನ್ನ ಕೇಳಿದ್ರ ನಾ ಏನ್ ಹೇಳ್ಲಿ?"

ಇದನ್ನು ಬರೀ ಮಾತಿನ ಚೆಂದವೆಂದು ಬಿಟ್ಟುಬಿಡಲು ಆಗುವುದಿಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನ ಅಪಸ್ಮಾರ ಹತೋಟಿಗೆ ತರಲು ವೈದ್ಯರು ಅವನ ಮಿದುಳಿನ ಎರಡೂ ಬದಿಯಿಂದ ಹಿಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು, ಆದರೆ ಹೊಸ ನೆನಪು ಕೂಡುವುದೂ ನಿಂತುಹೋಯಿತು. ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಪ್ರತಿ ದಿನವೂ ಅವನಿಗೆ ಅದು ಹೊಚ್ಚ ಹೊಸ ಕೆಲಸ, ಮೊದಲು ಮಾಡಿದ ನೆನಪೇ ಇಲ್ಲ. ಬೆಟಗೇರಿಯ ನೇಕಾರರು ಹೇಳಿದ್ದೂ ಅದನ್ನೇ. ಕೈಯ ಅರಿವಿಗೆ ಮಿದುಳಿನಲ್ಲಿ ಬೇರೆ ಜಾಗವಿದೆ, ಹೇಳಬಲ್ಲ ನೆನಪಿಗೆ ಬೇರೆ. ಮಿದುಳಿನ ಅಂಗೈಯಗಲ ಜಾಗ ಹೋದರೆ ಮನಸ್ಸಿನ ಒಂದು ಕೋಣೆಯೇ ಹೋಗುತ್ತದೆ ಎಂಬುದನ್ನು ಒಪ್ಪಲೇಬೇಕು.

ಮಗ್ಗದ ಮೇಲೆ ಜಕಾರ್ಡ್ ಕೂತಿದೆ. ತೂತು ಕೊರೆದ ರಟ್ಟಿನ ಪಟ್ಟಿಗಳು ಸಾಲಾಗಿ ತಿರುಗುತ್ತವೆ. ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ, ಹೀಗೆ ಅಂಚಿನಲ್ಲಿ ಹೂವು ಮೂಡುತ್ತದೆ. ಫ್ರಾನ್ಸಿನ ಜೋಸೆಫ್ ಮರೀ ಜಕಾರ್ಡ್ 1804ರಲ್ಲಿ ರೂಪಿಸಿದ ಉಪಕರಣ ಇದು. ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರಕ್ಕೆ ಈ ತೂತಿನ ಪಟ್ಟಿಯನ್ನೇ ಎರವಲು ತಂದ. ಆ ಯಂತ್ರದ ಬಗ್ಗೆ 1843ರಲ್ಲಿ ಟಿಪ್ಪಣಿ ಬರೆದ ಏಡಾ ಲವ್‌ಲೇಸ್, ಯಂತ್ರ ನಾವು ಹೇಳಿಕೊಟ್ಟದ್ದನ್ನು ಮಾಡುತ್ತದೆಯೇ ಹೊರತು ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ ಎಂದಳು. ಆಕೆಯ ಆಕ್ಷೇಪಕ್ಕೆ 1950ರಲ್ಲಿ ಗಣಿತಜ್ಞ ಆಲನ್ ಟ್ಯೂರಿಂಗ್ ಉತ್ತರ ಕೊಡಲು ಕೂತ. ಜಗತ್ತು ಇಂದು ಕೃತಕ ಬುದ್ಧಿಮತ್ತೆ ಎಂದು ಕರೆಯುವುದರ ವಂಶಾವಳಿಯಲ್ಲಿ ಮಗ್ಗವೂ ಒಬ್ಬ ಪೂರ್ವಜ. ಬೆಟಗೇರಿಯಲ್ಲಿ ಆ ಪೂರ್ವಜ ಇನ್ನೂ ದುಡಿಯುತ್ತಿದ್ದಾನೆ.

ಇಲ್ಲಿ ಒಂದು ಕೊಕ್ಕೆ. ರಟ್ಟಿಗೆ ಹೂವು ಗೊತ್ತು, ಎಳೆ ಹರಿದದ್ದು ಗೊತ್ತಿಲ್ಲ. ಎಳೆ ಹರಿದರೆ ನಿಲ್ಲುವ ವಿದ್ಯುತ್ ಮಗ್ಗಗಳು ಬಂದಿವೆ, ಅಂದರೆ ಅದನ್ನೂ ಯಂತ್ರಕ್ಕೆ ಕಲಿಸಬಹುದು. ಹಾಗಾಗಿ ಮನುಷ್ಯನಿಗೂ ಯಂತ್ರಕ್ಕೂ ನಡುವೆ ಇಲ್ಲಿ ಗೆರೆ ಎಳೆಯುವಂತಿಲ್ಲ.

ಗದಗ, ವೀರನಾರಾಯಣನ ಗುಡಿ

ಕುಮಾರವ್ಯಾಸ ಕೂತು ಕನ್ನಡದ ಭಾರತ ಬರೆದನೆಂದು ತೋರಿಸುವ ಕಂಬ. ಒದ್ದೆ ಬಟ್ಟೆಯಲ್ಲಿ ಬಂದು ಕೂರುತ್ತಿದ್ದ, ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹರಿಯುತ್ತಿತ್ತು ಎಂದು ಊರವರ ಕಥೆ. ಹಲಗೆ ಬಳಪ ಮುಟ್ಟದೆ, ಬರೆದ ಪದ ಅಳಿಸದೆ ಬರೆದೆ ಎಂಬ ಹೆಮ್ಮೆ ಕವಿಯದೇ. ಶಾಲೆಯಲ್ಲಿ ಓದಿದಾಗಿನಿಂದ ಇದನ್ನು ಪ್ರತಿಭೆಯ ಕೊನೆಯ ಅಳತೆಗೋಲು ಎಂದು ನಂಬಿದ್ದೆವು.

ಈಗ ಅಳುಕಾಗುತ್ತದೆ. ಇವತ್ತಿನ ಭಾಷಾಯಂತ್ರಗಳು ಬರೆಯುವುದೂ ಹೀಗೆಯೇ. ಒಂದು ಪದದ ಚೂರಿನ ಮುಂದೆ ಯಾವ ಚೂರು ಬರಬಹುದು ಎಂದು ಲೆಕ್ಕ ಹಾಕಿ ಇಡುತ್ತ ಹೋಗುತ್ತವೆ, ಇಟ್ಟದ್ದನ್ನು ಸಾಮಾನ್ಯವಾಗಿ ಅಳಿಸುವುದಿಲ್ಲ. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ಲೆಕ್ಕ ಯಂತ್ರಕ್ಕೆ ಭಾರವೇನಲ್ಲ. ತಡೆಯಿಲ್ಲದ ಹರಿವೇ ಮನಸ್ಸಿನ ಗುರುತಾದರೆ ಆಟ ಮುಗಿದ ಹಾಗೆ. ಹಾಗಾಗಿ ಕುಮಾರವ್ಯಾಸನ ದೊಡ್ಡತನವನ್ನು ಬೇರೆಡೆ ಹುಡುಕಬೇಕು.

ಅವನು ಹತ್ತು ಪರ್ವಕ್ಕೆ ನಿಲ್ಲಿಸಿದ. ಗದಾಪರ್ವದ ಆಚೆ ಹೋಗಲಿಲ್ಲ. ಉಳಿದದ್ದನ್ನು ಮುಂದೆ ತಿಮ್ಮಣ್ಣ ಕವಿ ಬರೆದ. ಏಕೆ ನಿಲ್ಲಿಸಿದ ಎಂದು ವಿದ್ವಾಂಸರು ಈಗಲೂ ಚರ್ಚಿಸುತ್ತಾರೆ. ನನಗೆ ಮುಖ್ಯವೆನಿಸುವುದು, ಆ ಪ್ರಶ್ನೆ ಕೇಳಬೇಕು ಎಂದು ನಮಗೆ ಅನಿಸುವುದೇ. ಯಂತ್ರವೊಂದು ನಿಂತರೆ ಕಾರಣ ಹುಡುಕಿ ಸುಮ್ಮನಾಗುತ್ತೇವೆ. ಕವಿ ನಿಂತರೆ ಅವನಿಗೆ ಏನಾಯಿತು ಎಂದು ನೂರಾರು ವರ್ಷ ಕೇಳುತ್ತೇವೆ. ಇನ್ನೊಂದು ಮಾತು: ಈ ಕಾವ್ಯ ಉಳಿದದ್ದು ಓಲೆಗರಿಯಲ್ಲಷ್ಟೇ ಅಲ್ಲ. ಗುಡಿಯ ಪಡಸಾಲೆಯಲ್ಲಿ ಒಬ್ಬರು ವಾಚನ ಮಾಡಿ ಇನ್ನೊಬ್ಬರು ಅರ್ಥ ಹೇಳುವಾಗ ಕಿವಿಗೊಟ್ಟು ಕೂತ, ಅಕ್ಷರ ಬಾರದ ಒಕ್ಕಲಿನವರಲ್ಲೂ ಉಳಿಯಿತು. ಅಷ್ಟು ದೊಡ್ಡ ನೆನಪು ಯಾವ ಒಂದು ಮಿದುಳಿನಲ್ಲಿತ್ತು?

ಗದಗ, ವೀರೇಶ್ವರ ಪುಣ್ಯಾಶ್ರಮ

ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸುವ ಈ ಆಶ್ರಮದ ಬಗ್ಗೆ ಎಷ್ಟು ಬರೆದರೂ ಸಾಲದು.

ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ಸೀಮೆಯವರು, ದೃಷ್ಟಿ ಇಲ್ಲದವರು. ಹಾನಗಲ್ಲ ಕುಮಾರಸ್ವಾಮಿಗಳು ಅವರ ಕಂಠ ಗುರುತಿಸಿ ಸಂಗೀತಕ್ಕೆ ಹಚ್ಚಿದರು. ಕರ್ನಾಟಕ, ಹಿಂದೂಸ್ತಾನಿ ಎರಡನ್ನೂ ಕಲಿತರು. ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಅವರ ಇನ್ನೊಬ್ಬ ಶಿಷ್ಯರು ಪುಟ್ಟರಾಜ ಗವಾಯಿಗಳು (1914–2010), ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಹಾಡು, ಹಾರ್ಮೋನಿಯಂ, ಸಾರಂಗಿ, ತಬಲಾ, ವಯೊಲಿನ್, ಮೂರು ಭಾಷೆಗಳಲ್ಲಿ ಗ್ರಂಥರಚನೆ, ನಾಟಕ ಕಂಪನಿ. ಭಕ್ತರು ಮಾಡಿದ ತುಲಾಭಾರದ ಹಣ ಆಶ್ರಮದ ಮಕ್ಕಳ ಊಟಕ್ಕೆ ಹೋಗುತ್ತಿತ್ತು. ಇಂದು ಜಗತ್ತು ಕೇಳುವ ಎಂ. ವೆಂಕಟೇಶಕುಮಾರ್ ಇಲ್ಲಿ ಕಲಿತವರು.

ವಿಜ್ಞಾನ ಏನು ಹೇಳುತ್ತದೆ? ಕಣ್ಣಿಲ್ಲದವರ ಮಿದುಳಿನ ಹಿಂಭಾಗ, ಅಂದರೆ ನೋಟದ ಭಾಗ, ಖಾಲಿ ಕೂರುವುದಿಲ್ಲ. ಎಳವೆಯಲ್ಲೇ ದೃಷ್ಟಿ ಹೋದವರು ಬ್ರೈಲ್ ಓದುವಾಗ ಆ ಭಾಗ ಚುರುಕಾಗುವುದನ್ನು 1996ರಲ್ಲಿ ಸಂಶೋಧಕರು ಚಿತ್ರದಲ್ಲಿ ಕಂಡರು. ಮರುವರ್ಷ, ಕಾಂತದ ಮಿಡಿತದಿಂದ ಆ ಭಾಗವನ್ನು ಕ್ಷಣ ಕದಡಿದರೆ ಬೆರಳ ಓದು ತಪ್ಪುತ್ತದೆ ಎಂದೂ ತೋರಿಸಿದರು. ದೃಷ್ಟಿಯ ಜಾಗದಲ್ಲಿ ಸ್ಪರ್ಶವೂ ನಾದವೂ ಬಂದು ನೆಲೆಸುತ್ತವೆ. ಇದನ್ನು ಓದಿದಾಗ ನನಗೆ ಹಿಗ್ಗಾಯಿತು. ಮಿದುಳು ಎಂದರೆ ಹೀಗೂ ಉಂಟೇ! ಗಟ್ಟಿಯಾಗಿ ಅಚ್ಚೊತ್ತಿದ ಯಂತ್ರವೆಂದು ಅದನ್ನು ಇನ್ನು ಕರೆಯಲಾರೆ.

ಆದರೂ ಲೆಕ್ಕ ಮುಗಿಯಲಿಲ್ಲ. ಆಶ್ರಮದಲ್ಲಿ ಕಣ್ಣಿಲ್ಲದ ಒಬ್ಬ ಹುಡುಗ ಭೈರವ ರಾಗ ಅಭ್ಯಾಸ ಮಾಡುತ್ತಿದ್ದ. ರಿಷಭಕ್ಕೆ ಬಂದಾಗಲೆಲ್ಲ ಗುರುಗಳು "ಹ್ಞೂಂ ಹ್ಞೂಂ, ಮತ್ತೊಮ್ಮೆ" ಎನ್ನುತ್ತಿದ್ದರು. ಶ್ರುತಿ ಅಳೆಯುವ ಆ್ಯಪ್ ನನ್ನ ಮೊಬೈಲಿನಲ್ಲಿತ್ತು. ಅದು ಹಸಿರು ತೋರಿಸುತ್ತಿತ್ತು, ಸ್ವರ ಸರಿಯಾಗಿದೆ. ಗುರುಗಳಿಗೆ ಒಪ್ಪಿಗೆಯಿಲ್ಲ. ಭೈರವದ ಕೋಮಲ ರಿಷಭಕ್ಕೆ ನಿಧಾನದ ಆಂದೋಲನ ಬೇಕು. ಹುಡುಗ ಸ್ವರವನ್ನು ನೆಟ್ಟಗೆ ನಿಲ್ಲಿಸುತ್ತಿದ್ದ. ಹುಡುಗನ ಕೈ ಗಾಳಿಯಲ್ಲಿ ತಡಕಾಡಿ ಗುರುವಿನ ಮೊಣಕಾಲು ಹುಡುಕಿ ಅಲ್ಲಿ ಕೂತಿತು. ಗುರುಗಳು ತಾವೇ ಹಾಡಿದರು. ಅವರ ಮೊಣಕಾಲ ಮೇಲಿನ ಆ ಬೆರಳುಗಳು ಮೆಲ್ಲಗೆ ತೂಗಿದವು. ಆಮೇಲೆ ಹುಡುಗನ ರಿಷಭವೂ ತೂಗಿತು. ಗುರುಗಳು ಏನೂ ಹೇಳಲಿಲ್ಲ, ಮುಂದಿನ ಸ್ವರಕ್ಕೆ ಹೋದರು. ಹುಡುಗನ ಮುಖ ಅರಳಿತು.

ಯಂತ್ರಕ್ಕೆ ಆಂದೋಲನ ಅಳೆಯುವುದನ್ನೂ ಕಲಿಸಬಹುದು, ಅನುಮಾನವಿಲ್ಲ. ಎಲೆಕ್ಟ್ರಾನಿಕ್ ತಂಬೂರಿಯನ್ನು ನಮ್ಮ ಬೆಂಗಳೂರಿನವರೇ ಮಾಡಿ ದಶಕಗಳಾದವು, ಆಗಲೂ ಕೆಲವರು ನಂಬಿರಲಿಲ್ಲ. ನನ್ನ ಪ್ರಶ್ನೆ ಆ ಅರಳಿದ ಮುಖದ್ದು. ಸ್ವರ ಹತ್ತಿದ್ದು ಆ ಹುಡುಗನಿಗೆ ಬೇಕಾಗಿತ್ತು. ಹತ್ತದಿದ್ದರೆ ರಾತ್ರಿ ಅವನಿಗೆ ನಿದ್ದೆ ಬರುತ್ತಿರಲಿಲ್ಲವೇನೋ. ಆ್ಯಪಿನ ಹಸಿರು ದೀಪಕ್ಕೆ ಹಸಿರಾದದ್ದು ಬೇಕಾಗಿರಲಿಲ್ಲ. ಆ ಹುಡುಗನಿಗೆ ಹಾಗೆ ಬೇಕಾದದ್ದಾದರೂ ಹೇಗೆ? ಅವನ ಮಿದುಳಿನ ಒಳಗಷ್ಟೇ ಹುಡುಕಿದರೆ ಅರ್ಧ ಉತ್ತರ ಸಿಗುತ್ತದೆ. ಉಳಿದರ್ಧ ಆ ಮೊಣಕಾಲ ಮೇಲಿತ್ತು.

ಲಕ್ಷ್ಮೇಶ್ವರ

ಹಳೆಯ ಪುಲಿಗೆರೆ. ಇಲ್ಲಿಯ ತಿರುಳ್ಗನ್ನಡವನ್ನು ಪಂಪ ನೆನೆದಿದ್ದಾನೆ. ಶಂಖ ಬಸದಿಯ ನೆರಳಲ್ಲಿ ಕೂತಾಗ ಅವನ ಆದಿಪುರಾಣ (941) ನೆನಪಾಯಿತು. ಜಿನಸೇನರ ಸಂಸ್ಕೃತ ಪುರಾಣವನ್ನು ಆಧರಿಸಿದ ಆ ಕಥೆಯಲ್ಲಿ ಮಹಾಬಲನೆಂಬ ರಾಜನ ಸಭೆ ಬರುತ್ತದೆ. ಜಿನಸೇನರಲ್ಲಿ ಆ ಸಭೆಯ ಮಂತ್ರಿಗಳು ಜೀವ ಎಂಬುದೊಂದು ಉಂಟೇ ಎಂದು ವಾದಕ್ಕಿಳಿಯುತ್ತಾರೆ. ಒಬ್ಬನದು ಭೂತವಾದ: ಹಿಟ್ಟು ಬೆಲ್ಲ ಹುಳಿತಾಗ ಅಮಲು ಹುಟ್ಟುವ ಹಾಗೆ ಮಣ್ಣು ನೀರು ಬೆಂಕಿ ಗಾಳಿ ಕೂಡಿದಲ್ಲಿ ಚೈತನ್ಯ ಹುಟ್ಟುತ್ತದೆ, ದೇಹ ಬಿದ್ದರೆ ಅದೂ ಹೋಯಿತು. ಇನ್ನೊಬ್ಬ ಮಂತ್ರಿ ಸ್ವಯಂಬುದ್ಧ ಅದನ್ನು ಖಂಡಿಸುತ್ತಾನೆ. ಇಂದಿನ ನರವಿಜ್ಞಾನಿಯೂ ಅವನ ಎದುರಾಳಿಯೂ ಹೂಡುವ ವಾದಕ್ಕೆ ಸಾವಿರ ವರ್ಷದ ಹಿಂದೆಯೇ ಇಲ್ಲಿ ಶ್ರೋತೃಗಳಿದ್ದರು.

ಇನ್ನೂ ಬೆರಗಾಗುವುದು ಬೇರೆ ಕಾರಣಕ್ಕೆ. ಜೈನ ದರ್ಶನ ಮನಸ್ಸನ್ನೇ ಎರಡು ಮಾಡುತ್ತದೆ. ದ್ರವ್ಯಮನಸ್ಸು ಪುದ್ಗಲ, ಅಂದರೆ ಕಣಗಳಿಂದಾದ ಜಡ. ಭಾವಮನಸ್ಸು ಜೀವದ ಅರಿವು. ಸಾಂಖ್ಯದಲ್ಲೂ ಮನಸ್ಸು, ಬುದ್ಧಿ, ಅಹಂಕಾರ ಮೂರೂ ಪ್ರಕೃತಿಯ ಕಡೆಯವು, ಅರಿಯುವ ಪುರುಷ ಬೇರೆ. ಮನಸ್ಸು ಜಡ ಎಂದರೆ ನಮ್ಮ ಹಿರಿಯರು ಬೆಚ್ಚುತ್ತಿರಲಿಲ್ಲ. ಲೆಕ್ಕ ಹಾಕುವುದು, ನೆನಪಿಡುವುದು, ಆರಿಸುವುದು ಯಂತ್ರಕ್ಕೆ ಸಿಕ್ಕಿದೆ ಎಂದರೆ 'ಸಿಗಲಿ, ನೋಡುವವನು ಯಾರು?' ಎಂದು ಕೇಳುತ್ತಿದ್ದರು.

ಅದೇ ಪ್ರಶ್ನೆಯನ್ನು ತತ್ವಜ್ಞಾನಿ ಡೇವಿಡ್ ಚಾಮರ್ಸ್ 1990ರ ದಶಕದಲ್ಲಿ ಕಠಿಣ ಸಮಸ್ಯೆ ಎಂದು ಕರೆದ. 25 ವರ್ಷದಲ್ಲಿ ಮಿದುಳಿನಲ್ಲಿ ಅರಿವಿನ ಗುರುತು ಸ್ಪಷ್ಟವಾಗಿ ಸಿಗುತ್ತದೆ ಎಂದು ನರವಿಜ್ಞಾನಿ ಕ್ರಿಸ್ಟಾಫ್ ಕಾಖ್ 1998ರಲ್ಲಿ ಅವನೊಡನೆ ಬಾಜಿ ಕಟ್ಟಿದ. 2023ರಲ್ಲಿ ಸೋಲೊಪ್ಪಿ ದ್ರಾಕ್ಷಾರಸದ ಬಾಟಲಿಗಳನ್ನು ತಂದುಕೊಟ್ಟ. ಇದರಿಂದ ಆತ್ಮ ಇದೆಯೆಂದು ಸಾಬೀತಾಯಿತು ಎಂದು ಹಿಗ್ಗುವವರ ಜೊತೆ ನಾನಿಲ್ಲ. ಸಿಕ್ಕಿಲ್ಲ ಎಂಬುದು ಸಿಕ್ಕಿಲ್ಲ ಎಂದಷ್ಟೇ.

ಶಿರಹಟ್ಟಿ

ಫಕೀರೇಶ್ವರ ಮಠ. ಹೆಸರಿನಲ್ಲೇ ಎರಡು ದಾರಿ ಕೂಡಿವೆ. ಹಿಂದೂ ಮುಸ್ಲಿಂ ಇಬ್ಬರೂ ನಡೆದುಕೊಳ್ಳುತ್ತಾರೆ. ಕಟ್ಟೆಯ ಮೇಲೆ ತಾಯಿ, ಪಕ್ಕದಲ್ಲಿ ಬೆಳೆದ ಮಗ. ಅವನು ಯಾರೊಡನೆಯೋ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದ, ಎದುರಿಗೆ ಯಾರೂ ಇರಲಿಲ್ಲ. ತಾಯಿಯ ಚೀಲದಲ್ಲಿ ವಿಭೂತಿಯ ಪೊಟ್ಟಣ, ಧಾರವಾಡದ ದವಾಖಾನೆಯ ಚೀಟಿ, ಗುಳಿಗೆ. "ಗುಳಿಗಿನೂ ತಪ್ಪಸಂಗಿಲ್ರಿ, ಅಜ್ಜಾರ ದರ್ಶನಾನೂ ತಪ್ಪಸಂಗಿಲ್ಲ" ಎಂದಳು. ಅವಳಲ್ಲಿ ಮಿದುಳೋ ಮನಸ್ಸೋ ಎಂಬ ಜಗಳವಿಲ್ಲ.

ಮುಂಡರಗಿ

ಕಪ್ಪತಗುಡ್ಡದ ಮಗ್ಗುಲು. ಹೊಳೆ ದಾಟಿದರೆ ಹೂವಿನಹಡಗಲಿ, ಆಗಿನ ಬಳ್ಳಾರಿ ಜಿಲ್ಲೆ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುಮಾಡಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿ ಗುಳಿಗೆಯನ್ನು ಊರ ಹತ್ತಿರಕ್ಕೇ ತಂದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು.

ಗುಳಿಗೆಯ ಮುಂದೆ ನನ್ನ ತರ್ಕವೆಲ್ಲ ಮೆತ್ತಗಾಗುತ್ತದೆ. 1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೈನ್ ಕೊಟ್ಟು ನೋಡಿದರು. ವರ್ಷಗಟ್ಟಲೆ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಎಷ್ಟೋ ಮಂದಿಗೆ ಅಡಗಿದವು. ಮಿಲಿಗ್ರಾಂ ಲೆಕ್ಕದ ರಾಸಾಯನಿಕಕ್ಕೆ ಮನಸ್ಸು ಮಣಿಯುತ್ತದೆ ಎಂದಾದರೆ ಅದು ಮಿದುಳಿನಿಂದ ಬೇರೆ ನಿಂತಿಲ್ಲ. ಇನ್ನೊಂದು ಕಡೆ, 1960ರ ದಶಕದ ಕೊನೆಯಿಂದ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹಿಂಬಾಲಿಸಿ ನೋಡಿದಾಗ, ನಮ್ಮ ಆಗ್ರಾ, ನೈಜೀರಿಯಾದ ಇಬಾದಾನ್‌ಗಳಲ್ಲಿ ಚೇತರಿಕೆ ಶ್ರೀಮಂತ ದೇಶಗಳಿಗಿಂತ ಮೇಲಾಗಿತ್ತು. ಆ ಫಲಿತಾಂಶದ ಬಗ್ಗೆ ತಕರಾರುಗಳಿವೆ, ಇರಲಿ. ಮಿದುಳು ಎಲ್ಲೆಡೆ ಒಂದೇ. ಅದರ ಸುತ್ತ ಕೂತವರು ಬೇರೆ ಬೇರೆ ಎಂದು ನಾನು ಓದಿಕೊಳ್ಳುತ್ತೇನೆ. ಸುತ್ತ ಕೂತವರಷ್ಟೇ ಸಾಲದು ಎಂಬುದಕ್ಕೂ ಸಾಕ್ಷಿ ಇದೆ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾದ ನಂಬಿಕೆಯ ಮೇಲೆ ಬಿಟ್ಟುಹೋದ ರೋಗಿಗಳಿದ್ದ ಗುಡಿಸಲಿಗೆ ಬೆಂಕಿ ಬಿತ್ತು. ಸರಪಳಿ ಬಿಗಿದಿದ್ದರಿಂದ ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿದೆ.

ಮನಸ್ಸು ಮಿದುಳಿಗಿಂತ ಹೆಚ್ಚೇ? ಹೆಚ್ಚು ಎಂದೇ ನನ್ನ ಎಣಿಕೆ. ಆ ಹೆಚ್ಚಿನ ಪಾಲು ತಲೆಯೊಳಗೆ ಅಡಗಿದ ಗುಟ್ಟಿನ ವಸ್ತುವೆಂದು ತೋರುವುದಿಲ್ಲ. ಅದು ಗುರುವಿನ ಮೊಣಕಾಲಲ್ಲಿ, ತಾಯಿಯ ಚೀಲದಲ್ಲಿ, ವಾಚನಕ್ಕೆ ಕೂತ ಪಡಸಾಲೆಯಲ್ಲಿ ಹಂಚಿಹೋಗಿದೆ. ನೋಡುವವನು ಯಾರು ಎಂಬ ಲಕ್ಷ್ಮೇಶ್ವರದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಮನೆಯಲ್ಲಿ ಯಾರದಾದರೂ ಮನಸ್ಸು ಕದಡಿದ್ದರೆ ದೇವರಿಗೆ ಹರಕೆ ಹೊತ್ತುಕೊಳ್ಳಿ, ಗುಳಿಗೆಯನ್ನೂ ತಪ್ಪಿಸಬೇಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು.