ಬಿಸಿಲು ಬರೆಯುವ ಚಿತ್ತಾರ

ಡೆನ್ಮಾರ್ಕಿನ ಆರ್ಹುಸ್ ನಗರದ ಕಲಾ ಸಂಗ್ರಹಾಲಯದ ತಾರಸಿಯ ಮೇಲೆ 2011ರಲ್ಲಿ ಒಂದು ದುಂಡನೆಯ ಓಣಿ ಕಟ್ಟಿದರು. 150 ಮೀಟರ್ ಉದ್ದದ ಆ ಓಣಿಗೆ ಕಾಮನಬಿಲ್ಲಿನ ಬಣ್ಣಗಳ ಗಾಜಿನ ಗೋಡೆ. ನಡೆಯುತ್ತ ಹೋದಂತೆ ಹೊರಗಿನ ಊರೆಲ್ಲ ಒಮ್ಮೆ ಕೆಂಪು, ಒಮ್ಮೆ ಹಳದಿ, ಒಮ್ಮೆ ನೀಲಿ! ಅದನ್ನು ರೂಪಿಸಿದ ಕಲಾವಿದ ಒಲಾಫುರ್ ಎಲಿಯಾಸನ್. ಅವರದೇ ಇನ್ನೊಂದು ಕಲಾಕೃತಿ 2022ರಿಂದ ಕತಾರಿನ ಮರುಭೂಮಿಯಲ್ಲಿದೆ. ದುಂಡನೆಯ ನೆರಳು ಚಪ್ಪರಗಳ ಒಳಮೈಗೆ ಕನ್ನಡಿ ಹಾಕಿದ್ದಾರೆ. ತಲೆಯೆತ್ತಿದರೆ ಕಾಲ ಕೆಳಗಿನ ಮರಳು, ಅದರ ಮೇಲೆ ನಿಂತ ನಾವೇ ಕಾಣುತ್ತೇವೆ. ಇಂಥ ಕಲೆಯಲ್ಲಿ ಅರ್ಧ ಕೆಲಸ ಸೂರ್ಯನದು, ಉಳಿದರ್ಧ ನೋಡಲು ಬಂದವರದು.

ಇದರ ಸೊಗಸು ತಿಳಿಯಲು ವಿಮಾನ ಹತ್ತಬೇಕೆಂದಿಲ್ಲ. ಬೆಂಗಳೂರಿಗೆ ಹೋದಾಗ ಬಸವನಗುಡಿ, ಚಾಮರಾಜಪೇಟೆಯ ಕಡೆ ಒಂದು ದಿನ ಮೀಸಲಿಟ್ಟರೆ ಸಾಕು.

ಬೆಳಗ್ಗೆ ಲಾಲ್‌ಬಾಗ್‌ಗೆ ಹೋಗಿ. 1760ರಲ್ಲಿ ಹೈದರ್ ಅಲಿ ಆರಂಭಿಸಿದ, ಟಿಪ್ಪು ಸುಲ್ತಾನ್ ದೂರದ ದೇಶಗಳಿಂದ ಸಸಿ ತರಿಸಿ ಬೆಳೆಸಿದ ತೋಟವಿದು. ನಡುವೆ ಇರುವ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಆ ಮೂಲ ಕಟ್ಟಡ 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ನಮ್ಮದು ಇನ್ನೂ ನಿಂತಿದೆ. ಆಗಸ್ಟ್ 15 ಮತ್ತು ಜನವರಿ 26ರ ಹೊತ್ತಿನ ಫಲಪುಷ್ಪ ಪ್ರದರ್ಶನಕ್ಕೆ ಸಾವಿರಾರು ಜನ ಸೇರುತ್ತಾರೆ. ಆದರೆ ಜನಜಂಗುಳಿಯಿಲ್ಲದ ದಿನ ಬಂದು ನೋಡಿ. ಕಬ್ಬಿಣದ ಕಮಾನುಗಳ ನೆರಳು ನೆಲದ ಮೇಲೆ ಬಲೆ ನೇಯ್ದಿರುತ್ತದೆ. ಒಂದು ಮೋಡ ಬಂದರೆ ಬಲೆ ಮಾಯ! ಮೋಡ ಸರಿದರೆ ಮತ್ತೆ ಪ್ರತ್ಯಕ್ಷ. ಮಕ್ಕಳು ನೆರಳಿನ ಗೆರೆ ತುಳಿಯದೆ ಓಡುವ ಆಟವನ್ನು ಯಾರೂ ಹೇಳಿಕೊಡದೆಯೇ ಕಲಿತುಬಿಡುತ್ತಾರೆ.

ಬೆಳಕಿನ ಮಾತು ಬಂದಾಗ ನಮ್ಮ ಮಕ್ಕಳಿಗೆ ಹೇಳಬೇಕಾದ ಹೆಸರು ಇಬ್ನುಲ್ ಹೈಸಮ್. ಬಸ್ರಾದಲ್ಲಿ 965ರ ಸುಮಾರಿಗೆ ಹುಟ್ಟಿದ ಇವರು, ಕಣ್ಣು ಬೆಳಕನ್ನು ಹೊರಚೆಲ್ಲುವುದಿಲ್ಲ, ವಸ್ತುವಿನಿಂದ ಹೊರಟ ಬೆಳಕೇ ಕಣ್ಣಿಗೆ ಬರುತ್ತದೆ ಎಂದು ಪ್ರಯೋಗಗಳ ಮೂಲಕ ವಾದಿಸಿದರು. ಅವರ ಗ್ರಂಥವನ್ನು ಓದಿ ಮುಂದುವರಿಸಿದ ಕಮಾಲುದ್ದೀನ್ ಅಲ್ ಫಾರಿಸಿ, ನೀರು ತುಂಬಿದ ಗಾಜಿನ ಗೋಳಕ್ಕೆ ಬೆಳಕು ಹಾಯಿಸಿ ಕಾಮನಬಿಲ್ಲಿನ ಗುಟ್ಟನ್ನು ವಿವರಿಸಿದರು. ಅದು 14ನೇ ಶತಮಾನದ ಆರಂಭದ ಮಾತು.

ಲಾಲ್‌ಬಾಗ್‌ನಿಂದ ಗವಿಪುರಕ್ಕೆ ಆಟೋದಲ್ಲಿ ಸ್ವಲ್ಪವೇ ದೂರ. ಅಲ್ಲಿನ ಗವಿ ಗಂಗಾಧರೇಶ್ವರ ನಮ್ಮ ನೆರೆಹೊರೆಯ ಹಿಂದೂ ಬಾಂಧವರ ಗುಹಾ ದೇವಾಲಯ. ಅಂಗಳದಲ್ಲಿ ಎತ್ತರದ ಕಲ್ಲಿನ ಕಂಬಗಳ ಮೇಲೆ ಎರಡು ದೊಡ್ಡ ಕಲ್ಲಿನ ತಟ್ಟೆಗಳಿವೆ. ಸೂರ್ಯಪಾನ, ಚಂದ್ರಪಾನ ಎಂದು ಅವುಗಳ ಹೆಸರು. ಪ್ರತಿವರ್ಷ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಹಾದು ಗುಹೆಯೊಳಗಿನ ಲಿಂಗವನ್ನು ಮುಟ್ಟುತ್ತದೆ. ಇದನ್ನು ನೋಡಲು ಜನಸಾಗರವೇ ಸೇರುತ್ತದೆ. 2021ರಲ್ಲಿ ಮೋಡ ಕವಿದು ಆ ಬೆಳಕು ಕಾಣಲೇ ಇಲ್ಲ.

ಇದರ ಹಿಂದೆ ಒಂದು ಲೆಕ್ಕವಿದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ತೀರಾ ದಕ್ಷಿಣಕ್ಕೆ ಹೋಗಿ ಹಿಂದಿರುಗುತ್ತಾನೆ. ಅದಾಗಿ 24 ದಿನಕ್ಕೆ ಸಂಕ್ರಾಂತಿ. ಹಾಗಾದರೆ ಡಿಸೆಂಬರ್ 21ಕ್ಕೆ ಅಷ್ಟೇ ದಿನ ಮೊದಲು, ಅಂದರೆ ನವೆಂಬರ್ ಕೊನೆಯಲ್ಲೂ ಸೂರ್ಯ ಅದೇ ದಾರಿಯಲ್ಲಿರಬೇಕಲ್ಲವೇ? ಹೌದು, ಆಗಲೂ ಬೆಳಕು ಒಳಗೆ ಬರುವುದನ್ನು ಸಂಶೋಧಕರು ದಾಖಲಿಸಿದ್ದಾರೆ.

ಬಿಸಿಲಿನ ಈ ಲೆಕ್ಕ ನಮಗೂ ಹೊಸದಲ್ಲ. ಗಡಿಯಾರ ಇಲ್ಲದ ಕಾಲದಲ್ಲಿ ನಮ್ಮ ಅಜ್ಜಿಯರು ನೆರಳು ನೋಡಿಯೇ ನಮಾಝಿಗೆ ಅಣಿಯಾಗುತ್ತಿದ್ದರು. ಸೂರ್ಯ ನೆತ್ತಿಯಿಂದ ವಾಲಿದರೆ ಝುಹರ್. ನಡುಹಗಲಿನ ನೆರಳನ್ನು ಬಿಟ್ಟು, ವಸ್ತುವಿನ ನೆರಳು ಅದರಷ್ಟೇ ಉದ್ದವಾದರೆ ಶಾಫಿಈಗಳಿಗೆ ಅಸರ್, ಎರಡು ಪಟ್ಟಾದರೆ ಹನಫಿಗಳಿಗೆ.

ಆದರೆ ಇಂದು ನೆರಳು ನೋಡಲು ಅಂಗಳವೆಲ್ಲಿದೆ? ಚಾಮರಾಜಪೇಟೆಯ ಓಣಿಯೊಂದರಲ್ಲಿರುವ ನನ್ನ ಖಾಲಾ ಮನೆಯಲ್ಲಿ ಹಗಲು ಹನ್ನೆರಡಕ್ಕೂ ಟ್ಯೂಬ್‌ಲೈಟ್ ಉರಿಯುತ್ತದೆ. ಎರಡೂ ಬದಿಯಲ್ಲಿ ನಾಲ್ಕಂತಸ್ತು ಎದ್ದಿವೆ. "ಮೊದಲು ಇಲ್ಲೇ ಹಪ್ಪಳ ಒಣಗಿಸ್ತಿದ್ವಿ ಬೇಟಿ, ಈಗ ದುಪಟ್ಟಾ ಒಣಗೋದಕ್ಕೂ ಎರಡು ದಿನ ಬೇಕು" ಎನ್ನುತ್ತಾರೆ. ಅವರಿಗೆ ಸದಾ ಮೂಳೆ ನೋವು. ವಿಟಮಿನ್ ಡಿ ಕಡಿಮೆಯಿದೆ, ಬಿಸಿಲಿಗೆ ಮೈಯೊಡ್ಡಿ ಎಂದು ವೈದ್ಯರು ಹೇಳಿದ್ದಾರೆ. ಮುಚ್ಚಿದ ಕಿಟಕಿಯ ಗಾಜಿನೊಳಗೆ ಕುಳಿತರೆ ಆ ಲಾಭ ಸಿಗದು. ಬಿಸಿಲು ಮೈಗೇ ತಾಗಬೇಕು. ದಿನವಿಡೀ ಅಡುಗೆಮನೆಯಲ್ಲೇ ಇರುವ ಹೆಂಗಸರು ಅದಕ್ಕೆ ಎಲ್ಲಿಗೆ ಹೋಗಬೇಕು?

ಸೂರ್ಯನ ಬೆಳಕು ಅಲ್ಲಾಹನು ಯಾರಿಂದಲೂ ಬೆಲೆ ಕೇಳದೆ ಕೊಟ್ಟ ಅನುಗ್ರಹ. ಅದನ್ನು ಒಬ್ಬರಿಂದೊಬ್ಬರು ಕಸಿಯುತ್ತಿರುವವರು ನಾವೇ. ಹಿಂದಿನವರು ವರ್ಷಕ್ಕೆ ಕೆಲವೇ ದಿನ ಬರುವ ಕಿರಣಕ್ಕೂ ದಾರಿ ಬಿಟ್ಟು ಕಟ್ಟಿದರು. ನಾವು ಮನೆಯ ಮೇಲೆ ಮತ್ತೊಂದು ಅಂತಸ್ತು ಏರಿಸುವ ಮೊದಲು ಪಕ್ಕದ ಮನೆಯ ಅಂಗಳವನ್ನೊಮ್ಮೆ ನೋಡಬಾರದೇ? ನೆರೆಯವರ ಹಕ್ಕಿನಲ್ಲಿ ಬಿಸಿಲೂ ಸೇರಿದೆ.

ಕೊನೆಗೊಂದು ಕಿವಿಮಾತು. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ ಹನ್ನೆರಡೂಕಾಲು ದಾಟುವ ಹೊತ್ತಿಗೆ ಮಕ್ಕಳನ್ನು ತಾರಸಿಗೆ ಕರೆದೊಯ್ದು ಒಂದು ಸ್ಟೀಲ್ ಲೋಟವನ್ನು ಬೋರಲಾಗಿ ಇಡಿ. ಸ್ವಲ್ಪ ಹೊತ್ತು ಅದಕ್ಕೆ ನೆರಳೇ ಇರುವುದಿಲ್ಲ. ಟಿಕೆಟ್ಟೂ ಬೇಡ, ಪ್ರಯಾಣವೂ ಬೇಡ. ಮನೆಯ ಹಿರಿಯರನ್ನೂ ಕೈಹಿಡಿದು ಮೇಲೆ ಕರೆದುಕೊಂಡು ಹೋಗಿ.