ಪತ್ತಿನ ಸಂಘದ ಬೆಳವಣಿಗೆ ಮತ್ತು ನ್ಯಾಸಧರ್ಮ

ಭಾದ್ರಪದ ಮಾಸವು ಬಂದಿತೆಂದರೆ ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅದರ ಪೂರ್ವಭಾಗದ ಬಡಾವಣೆಗಳಲ್ಲಿಯೂ ಎರಡು ಬಗೆಯ ಸಭೆಗಳು ಸಮೀಪಿಸುತ್ತವೆ. ಮಂದಿರಗಳಲ್ಲಿ ಪರ್ಯೂಷಣ ಹಾಗೂ ದಶಲಕ್ಷಣ ಪರ್ವಗಳ ಪ್ರವಚನಗಳು. ಕಲ್ಯಾಣಮಂಟಪಗಳಲ್ಲಿ ಪತ್ತಿನ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗಳು. ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕವನ್ನು ಸೆಪ್ಟೆಂಬರ್ ತಿಂಗಳೊಳಗೆ ಸದಸ್ಯರ ಮುಂದೆ ಇಡಬೇಕೆಂಬುದು ಸಹಕಾರ ಸಂಘಗಳಿಗೆ ಕಾನೂನು ವಿಧಿಸಿದ ಕಟ್ಟಳೆ. ಒಂದು ಸಭೆಯಲ್ಲಿ ವರ್ಷದ ನಡತೆಯ ಪರಿಶೀಲನೆ, ಮತ್ತೊಂದರಲ್ಲಿ ವರ್ಷದ ವಹಿವಾಟಿನ ಪರಿಶೀಲನೆ. ಇವೆರಡೂ ಬೇರೆಬೇರೆ ಲೋಕಗಳಿಗೆ ಸೇರಿದವೆಂದು ತಿಳಿಯುವುದು ರೂಢಿ. ಆದರೆ ವಿಚಾರಿಸಿ ನೋಡಿದರೆ ಅವು ಅಷ್ಟೊಂದು ದೂರದವಲ್ಲ.

ಮಹಾಸಭೆಯ ವರದಿಗಳಿಗೆ ಒಂದು ನಿಶ್ಚಿತ ಧಾಟಿಯುಂಟು. ಸದಸ್ಯರ ಸಂಖ್ಯೆ ಹೆಚ್ಚಿತು, ಷೇರು ಬಂಡವಾಳ ಹೆಚ್ಚಿತು, ಠೇವಣಿ ಹೆಚ್ಚಿತು, ಸಾಲ ಹೆಚ್ಚಿತು, ನಿವ್ವಳ ಲಾಭ ಹೆಚ್ಚಿತು ಎಂದು ಅಧ್ಯಕ್ಷರು ಓದುತ್ತಾರೆ. ಸದಸ್ಯರು ಕೈತಟ್ಟುತ್ತಾರೆ. ಲಾಭಾಂಶವನ್ನು ಘೋಷಿಸಲಾಗುತ್ತದೆ, ಸದಸ್ಯರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ದೊರೆಯುತ್ತದೆ, ಸಿಹಿಯೊಡನೆ ಸಭೆ ಮುಗಿಯುತ್ತದೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಆ ಬೆಳವಣಿಗೆಯು ಯಾರ ಬೆಳವಣಿಗೆ ಎಂಬ ಪ್ರಶ್ನೆಯು ಮಾತ್ರ ಸಭೆಯಲ್ಲಿ ಅಪರೂಪವಾಗಿ ಏಳುತ್ತದೆ.

ಸಹಕಾರ ಚಳವಳಿಯು ಹುಟ್ಟಿದುದು ಬಂಡವಾಳವನ್ನು ಬೆಳೆಸುವುದಕ್ಕಲ್ಲ, ಬಡವನ ಮರ್ಯಾದೆಯನ್ನು ಉಳಿಸುವುದಕ್ಕೆ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಪಟ್ಟಣದಲ್ಲಿ 28 ಮಂದಿ ಕೂಡಿ ಒಂದು ಸಣ್ಣ ಅಂಗಡಿಯನ್ನು ತೆರೆದರು. ಬಂಡವಾಳಕ್ಕೆ ಮಿತವಾದ ಬಡ್ಡಿ, ಉಳಿದ ಲಾಭವು ಯಾರು ಎಷ್ಟು ಕೊಂಡರೋ ಅದಕ್ಕನುಗುಣವಾಗಿ ಅವರಿಗೇ ವಾಪಸು, ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ಅವರ ನಿಯಮ. ಜರ್ಮನಿಯಲ್ಲಿ ರೈಫೈಸನ್ ಎಂಬ ಮಹನೀಯನು ಇದೇ ತತ್ತ್ವವನ್ನು ಸಾಲದ ವ್ಯವಹಾರಕ್ಕೆ ಅಳವಡಿಸಿದನು. ಒಬ್ಬರನ್ನೊಬ್ಬರು ಬಲ್ಲ ಜನ, ಒಬ್ಬರಿಗೊಬ್ಬರು ಹೊಣೆ ಎಂಬುದು ಅವನ ಸಂಘಗಳ ಅಡಿಗಲ್ಲು. ಭಾರತದಲ್ಲಿ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಜಾರಿಗೆ ಬಂದಿತು. ಮರುವರ್ಷವೇ, 1905ರಲ್ಲಿ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಸ್ಥಾಪಿಸಿ ಕನ್ನಡನಾಡಿಗೆ ಕೀರ್ತಿ ತಂದರು. ಅದೇ ವರ್ಷ ಮೈಸೂರು ಸಂಸ್ಥಾನವೂ ಸಹಕಾರ ಸಂಘಗಳಿಗಾಗಿ ತನ್ನದೇ ಆದ ಶಾಸನವನ್ನು ಮಾಡಿತು.

ಬೆಂಗಳೂರಿನ ದಂಡು ಪ್ರದೇಶದ ಇತಿಹಾಸವು ಸ್ವಲ್ಪ ಬೇರೆ. 1809ರಲ್ಲಿ ಸೈನ್ಯದ ನೆಲೆಯಾಗಿ ಆರಂಭವಾದ ಈ ಭಾಗವು 1947ರ ಜುಲೈವರೆಗೆ ಬ್ರಿಟಿಷರ ಆಡಳಿತದಲ್ಲಿದ್ದು ಅನಂತರ ಮೈಸೂರಿಗೆ ಮರಳಿತು. ಸೈನ್ಯವನ್ನು ನೆಚ್ಚಿ ಬಂದ ದರ್ಜಿಗಳು, ಅಗಸರು, ಗಾಡಿಯವರು, ರೊಟ್ಟಿ ಸುಡುವವರು ಶಿವಾಜಿನಗರ ಮತ್ತು ಹಲಸೂರುಗಳ ಓಣಿಗಳಲ್ಲಿ ನೆಲೆಸಿದರು. ಅವರನ್ನು ಹಿಂಬಾಲಿಸಿ ವರ್ತಕರೂ ಬಂದರು. ಮಾರವಾಡದಿಂದ ಬಂದ ಜೈನ ಬಂಧುಗಳ ಗಿರವಿ ಅಂಗಡಿಗಳು ಇಂದಿಗೂ ಆ ಬೀದಿಗಳಲ್ಲಿವೆ. ಗಿರವಿಯ ವ್ಯಾಪಾರವನ್ನು ನಿಂದಿಸುವುದು ಸುಲಭ. ಆದರೆ ಆಸ್ಪತ್ರೆಯ ಖರ್ಚು ಬಂದ ಸಂಜೆ, ಅರ್ಜಿ ಕೇಳದೆ, ಜಾಮೀನು ಕೇಳದೆ, ಬಳೆಯೊಂದನ್ನು ತೂಗಿ ಕೈಗೆ ಹಣ ಕೊಡುವವನು ಆ ವರ್ತಕನೇ. ಇಬ್ಬರು ಜಾಮೀನುದಾರರನ್ನು ಕರೆತರಬೇಕು, ಆಡಳಿತ ಮಂಡಳಿಯ ಮುಂದಿನ ಸಭೆಯವರೆಗೆ ಕಾಯಬೇಕು ಎನ್ನುವ ಪತ್ತಿನ ಸಂಘವು ಆ ಸಂಜೆ ಸದಸ್ಯನಿಗೆ ಯಾವ ಸೇವೆಯನ್ನೂ ಮಾಡಿದಂತಾಗಲಿಲ್ಲ. ಸಂಘದ ಬಡ್ಡಿ ಎಷ್ಟೇ ಕಡಿಮೆಯಿದ್ದರೂ ಸಕಾಲದಲ್ಲಿ ಸಿಗದ ಸಾಲವು ಸದಸ್ಯನನ್ನು ಹೆಚ್ಚಿನ ಬಡ್ಡಿಯ ಬಾಗಿಲಿಗೇ ಕಳುಹಿಸುತ್ತದೆ.

ಪೂರ್ವಭಾಗದ ಮತ್ತೊಂದು ಪರಂಪರೆಯೆಂದರೆ ಕಾರ್ಖಾನೆಗಳದು. 1940ರಲ್ಲಿ ಸೊಲ್ಲಾಪುರದ ಜೈನ ಮನೆತನದ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1948ರಲ್ಲಿ ಕೃಷ್ಣರಾಜಪುರದ ಸಮೀಪ ದೂರವಾಣಿ ಕಾರ್ಖಾನೆಯೂ ಅನಂತರ ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ವಿದ್ಯುದುಪಕರಣಗಳ ಕಾರ್ಖಾನೆಯೂ ಬಂದವು. ಕಾರ್ಖಾನೆಯ ನೌಕರರ ಪತ್ತಿನ ಸಂಘಕ್ಕೆ ದೊಡ್ಡದೊಂದು ಅನುಕೂಲವುಂಟು: ಸಾಲದ ಕಂತನ್ನು ಪಗಾರದಿಂದಲೇ ಮುರಿದುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಆದುದರಿಂದ ಅಂತಹ ಸಂಘಗಳಲ್ಲಿ ಸುಸ್ತಿ ಕಡಿಮೆ, ಖರ್ಚೂ ಕಡಿಮೆ. ಆದರೆ ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿತು. ಕಾರ್ಖಾನೆ ಮುಚ್ಚಿದಲ್ಲಿ ಪಗಾರದ ಪಟ್ಟಿಯೇ ಇಲ್ಲವಾಗುತ್ತದೆ. ಆಗ ಉಳಿಯುವುದು ಸದಸ್ಯರ ಪರಸ್ಪರ ವಿಶ್ವಾಸ ಮಾತ್ರ. ಒಳ್ಳೆಯ ಕಾಲದಲ್ಲಿ ಆ ವಿಶ್ವಾಸವನ್ನು ಬೆಳೆಸದ ಸಂಘಕ್ಕೆ ಕೆಟ್ಟ ಕಾಲದಲ್ಲಿ ಅದು ತಾನಾಗಿ ದೊರೆಯದು.

ಇನ್ನು ವಾರ್ಷಿಕ ವರದಿಯ ಅಂಕಿಗಳ ವಿಷಯ. ಅಢಾವೆ ಪತ್ರಿಕೆಯನ್ನು ಓದಬಲ್ಲ ಸದಸ್ಯನು ಗಮನಿಸಬೇಕಾದ ಎರಡು ಸಂಗತಿಗಳಿವೆ.

ಮೊದಲನೆಯದು ಸುಸ್ತಿಯ ಪ್ರಮಾಣ. ಉದಾಹರಣೆಗೆ, ಒಂದು ಸಂಘಕ್ಕೆ ಬರತಕ್ಕ ಸಾಲ 1 ಕೋಟಿ ರೂಪಾಯಿ, ಅದರಲ್ಲಿ ಸುಸ್ತಿಯಾದುದು 5 ಲಕ್ಷ ಎಂದು ಭಾವಿಸಿದರೆ ಸುಸ್ತಿಯು ಶೇಕಡಾ 5 ಆಯಿತು. ಮರುವರ್ಷ ಧಾರಾಳವಾಗಿ ಹೊಸ ಸಾಲಗಳನ್ನು ಕೊಟ್ಟು ಬಾಕಿಯು 1 ಕೋಟಿ 60 ಲಕ್ಷಕ್ಕೆ ಏರಿತು. ಸುಸ್ತಿಯು 6 ಲಕ್ಷ 40 ಸಾವಿರವಾಯಿತು. ಪ್ರಮಾಣವು ಈಗ ಶೇಕಡಾ 4. ಸುಸ್ತಿಯು ಇಳಿಯಿತೆಂದು ವರದಿಯು ಹೇಳುತ್ತದೆ. ನಿಜವಾಗಿ ಅದು 1 ಲಕ್ಷ 40 ಸಾವಿರದಷ್ಟು ಏರಿದೆ. ನಿನ್ನೆ ಕೊಟ್ಟ ಸಾಲವು ಇಂದು ಸುಸ್ತಿಯಾಗಲಾರದು. ಅದಕ್ಕೆ ಕಾಲ ಬೇಕು. ಆದುದರಿಂದ ವೇಗವಾಗಿ ಬೆಳೆಯುವ ಸಂಘವು ಬೆಳೆಯುತ್ತಿರುವಷ್ಟು ಕಾಲ ಆರೋಗ್ಯವಾಗಿಯೇ ಕಾಣುತ್ತದೆ. ಹಳೆಯ ಸಾಲದ ಬಡ್ಡಿಯನ್ನು ತೀರಿಸಲು ಹೊಸ ಸಾಲವನ್ನು ಬರೆದುಕೊಟ್ಟರಂತೂ ಸುಸ್ತಿಯು ಪುಸ್ತಕದಲ್ಲಿ ಕಾಣುವುದೇ ಇಲ್ಲ. ಬಾರದ ಬಡ್ಡಿಯು ಲಾಭವಾಗಿ ತೋರುತ್ತದೆ.

ಎರಡನೆಯದು ಲಾಭದ ಮೂಲ. ಸಂಘವು 1 ಕೋಟಿ ಸಾಲಕ್ಕೆ ಶೇಕಡಾ 13ರಂತೆ 13 ಲಕ್ಷ ಬಡ್ಡಿ ಪಡೆದು, 80 ಲಕ್ಷ ಠೇವಣಿಗೆ ಶೇಕಡಾ 8ರಂತೆ 6 ಲಕ್ಷ 40 ಸಾವಿರ ಕೊಟ್ಟು, 3 ಲಕ್ಷ ಖರ್ಚು ಮಾಡಿದರೆ 3 ಲಕ್ಷ 60 ಸಾವಿರ ಉಳಿಯುತ್ತದೆ. ಈ ಹಣವು ಹೊರಗಿನವರಿಂದ ಬಂದುದಲ್ಲ. ಸಾಲ ಪಡೆದ ಸದಸ್ಯನು, ಅಂದರೆ ಅಡಚಣೆಯಲ್ಲಿದ್ದವನು, ಕೊಟ್ಟ ಹಣವೇ ಅಡಚಣೆಯಿಲ್ಲದ ಷೇರುದಾರನಿಗೆ ಲಾಭಾಂಶವಾಗಿ ಹೋಗುತ್ತದೆ. ಕಂತನ್ನು ಸಕಾಲದಲ್ಲಿ ಕಟ್ಟಿದವರಿಗೆ ಶೇಕಡಾ 1ರ ಬಡ್ಡಿ ರಿಯಾಯಿತಿ ಕೊಟ್ಟರೆ ಸಂಘಕ್ಕೆ ಹೆಚ್ಚೆಂದರೆ 1 ಲಕ್ಷ ಖರ್ಚು. ಇನ್ನೂ 2 ಲಕ್ಷ 60 ಸಾವಿರ ಉಳಿದೇ ಇರುತ್ತದೆ. ಲಾಭದ ನಾಲ್ಕನೆಯ ಒಂದು ಪಾಲನ್ನು ಆಪದ್ಧನಕ್ಕೆ ಸೇರಿಸಿ, ಮಿತವಾದ ಲಾಭಾಂಶವನ್ನೂ ಹಂಚಬಹುದು. ರಾಕ್‌ಡೇಲಿನ ನೇಕಾರರು ಮಾಡಿದುದು ಇದನ್ನೇ. ಈ ನಿರ್ಣಯವನ್ನು ಕೈಗೊಂಡ ವರ್ಷ ವರದಿಯಲ್ಲಿ ಲಾಭದ ಅಂಕಿ ಇಳಿಯುತ್ತದೆ, ಸೇವೆಯು ಏರುತ್ತದೆ. ಆ ಇಳಿತವನ್ನು ಧೈರ್ಯವಾಗಿ ಓದಬಲ್ಲ ಅಧ್ಯಕ್ಷನು ಬೇಕು. ಅದಕ್ಕೂ ಕೈತಟ್ಟಬಲ್ಲ ಸದಸ್ಯರು ಬೇಕು.

ಠೇವಣಿಯ ವಿಷಯವು ಇದಕ್ಕಿಂತಲೂ ಗಂಭೀರ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಆರಂಭಿಸಿದ ಪಿಗ್ಮಿ ಠೇವಣಿಯ ಪದ್ಧತಿಯನ್ನು ಪತ್ತಿನ ಸಂಘಗಳೂ ಅನುಸರಿಸಿವೆ. ರಸೆಲ್ ಮಾರುಕಟ್ಟೆಯಂತಹ ಕಡೆಗಳಲ್ಲಿ ಹೂವು, ಸೊಪ್ಪು ಮಾರುವವರು ದಿನದ ಗಳಿಕೆಯಲ್ಲಿ ಒಂದಿಷ್ಟನ್ನು ಪಿಗ್ಮಿ ಸಂಗ್ರಾಹಕನ ಕೈಗೆ ಕೊಡುತ್ತಾರೆ. ಅವರು ಅಢಾವೆ ಪತ್ರಿಕೆಯನ್ನು ನೋಡಿದವರಲ್ಲ. ಬಾಗಿಲಿಗೆ ಬರುವ ಮನುಷ್ಯನನ್ನು ನಂಬಿದವರು. ಆ ನಂಬಿಕೆಗೆ ಬೀಳುವ ಪೆಟ್ಟು ಎಂತಹದೆಂಬುದನ್ನು ಬೆಂಗಳೂರು 2020ರ ಜನವರಿಯಲ್ಲಿ ಕಂಡಿತು. ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ಹಣವನ್ನು ಹಿಂಪಡೆಯದಂತೆ ರಿಸರ್ವ್ ಬ್ಯಾಂಕು ಆಗ ನಿರ್ಬಂಧ ಹಾಕಿತು. ಅವರಲ್ಲಿ ನಿವೃತ್ತಿಯ ಹಣವನ್ನೆಲ್ಲ ಅಲ್ಲಿ ಇಟ್ಟ ವೃದ್ಧರು ಅನೇಕರಿದ್ದರು. ಅದೇ ವರ್ಷದ ಫೆಬ್ರವರಿಯಲ್ಲಿ ಬ್ಯಾಂಕು ಠೇವಣಿಗಳ ವಿಮೆಯ ಮಿತಿಯು 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಇಲ್ಲಿ ವಾಚಕರು ಗಮನಿಸಬೇಕಾದ ಒಂದು ಅಂಶವಿದೆ. ಈ ವಿಮೆಯು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿದಂತೆ, ಅನ್ವಯಿಸುತ್ತದೆ. ಬ್ಯಾಂಕ್ ಅಲ್ಲದ ಪತ್ತಿನ ಸಹಕಾರ ಸಂಘದ ಠೇವಣಿಗೆ ಅದರ ರಕ್ಷಣೆಯಿಲ್ಲ. ಬೀದಿಯ ಸಂಘವು ಒಂದೆರಡು ಶೇಕಡಾ ಹೆಚ್ಚು ಬಡ್ಡಿ ಕೊಡುತ್ತದೆಯೆಂದರೆ ಆ ಹೆಚ್ಚಳವು ಈ ಅಪಾಯದ ಬೆಲೆಯೂ ಹೌದು.

ಮಂದಿರದ ಟ್ರಸ್ಟುಗಳು ಈ ಮಾತನ್ನು ಎರಡು ಬಾರಿ ಆಲೋಚಿಸತಕ್ಕದ್ದು. ಟ್ರಸ್ಟಿಗಳಲ್ಲೊಬ್ಬರು ಸಂಘದ ನಿರ್ದೇಶಕರೂ ಆಗಿರುವುದು ಬೆಂಗಳೂರಿನಲ್ಲಿ ಆಶ್ಚರ್ಯದ ವಿಷಯವಲ್ಲ. ಸ್ನೇಹಕ್ಕಾಗಿಯೋ ಬಡ್ಡಿಗಾಗಿಯೋ ದೇವದ್ರವ್ಯವನ್ನು ಅಲ್ಲಿ ಇಡುವುದು ಸಹಜವೆನಿಸುತ್ತದೆ. ಆದರೆ ಧರ್ಮಾರ್ಥ ಟ್ರಸ್ಟಿನ ಹಣವು ಯಾವ ಯಾವ ರೂಪದಲ್ಲಿರಬಹುದೆಂಬುದನ್ನು ಆದಾಯ ತೆರಿಗೆಯ ಕಾನೂನು ಗೊತ್ತುಪಡಿಸಿದೆ. ಆ ಪಟ್ಟಿಯನ್ನು ಲೆಕ್ಕಪರಿಶೋಧಕರಿಂದ ಕೇಳಿ ತಿಳಿಯದೆ ಠೇವಣಿ ಇಟ್ಟರೆ ತೆರಿಗೆಯ ವಿನಾಯಿತಿಗೇ ಸಂಚಕಾರ ಬರಬಹುದು. ಸ್ವಂತ ಹಣವನ್ನು ಅಪಾಯಕ್ಕೆ ಒಡ್ಡಲು ಗೃಹಸ್ಥನಿಗೆ ಸ್ವಾತಂತ್ರ್ಯವಿದೆ. ಭಕ್ತರು ಹುಂಡಿಯಲ್ಲಿ ಹಾಕಿದ ಹಣದ ವಿಷಯದಲ್ಲಿ ಟ್ರಸ್ಟಿಗೆ ಆ ಸ್ವಾತಂತ್ರ್ಯವಿಲ್ಲ.

ಶ್ರಾವಕಾಚಾರವು ಈ ಸಂದರ್ಭಕ್ಕೆ ಬೇಕಾದ ಮಾತುಗಳನ್ನು ಬಹು ಹಿಂದೆಯೇ ಕೊಟ್ಟಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ನ್ಯಾಸಾಪಹಾರವೂ ಸೇರಿವೆ. ಕೂಟಲೇಖಕ್ರಿಯೆಯೆಂದರೆ ಸುಳ್ಳು ಬರಹ; ತೀರದ ಸಾಲವನ್ನು ತೀರಿದಂತೆ ಬರೆಯುವುದು ಅದರ ಇಂದಿನ ರೂಪ. ನ್ಯಾಸಾಪಹಾರವೆಂದರೆ ಇಟ್ಟ ಒತ್ತೆಯನ್ನು ನುಂಗುವುದು. ಇಟ್ಟವನು ಮರೆತು ಕಡಿಮೆ ಕೇಳಿದಾಗ "ಅಷ್ಟೇ" ಎಂದು ತಲೆದೂಗಿ ಉಳಿದುದನ್ನು ಇಟ್ಟುಕೊಳ್ಳುವುದೂ ಅದೇ. ವಿಚಾರಾರ್ಹವಾದ ಸಂಗತಿಯೆಂದರೆ, ಇವುಗಳನ್ನು ಆಚಾರ್ಯರು ಅಚೌರ್ಯದ ಕೆಳಗೆ ಇಡದೆ ಸತ್ಯದ ಕೆಳಗೆ ಇಟ್ಟಿದ್ದಾರೆ. ಹಣವು ಕೈಬಿಡುವುದಕ್ಕೆ ಮೊದಲೇ ಮಾತು ಕೆಟ್ಟಿರುತ್ತದೆ ಎಂಬುದು ಇದರ ತಾತ್ಪರ್ಯವಿರಬಹುದು. ಈ ದೃಷ್ಟಿಯಿಂದ ನೋಡಿದರೆ ವಾರ್ಷಿಕ ವರದಿಯು ಒಂದು ವಚನ. ಹೇಳಬೇಕಾದುದನ್ನು ಹೇಳದೆ ಬಿಟ್ಟರೆ ಅದರಲ್ಲಿಯ ಪ್ರತಿಯೊಂದು ಅಂಕಿ ಸರಿಯಾಗಿದ್ದರೂ ವರದಿಯು ಸತ್ಯವಾಗದು. ಮೃತ ಸದಸ್ಯನ ವಾರಸುದಾರರಿಗೆ ತಿಳಿಸದೆ ವರ್ಷಗಳಿಂದ ಉಳಿದಿರುವ ಷೇರು ಹಣ, ಯಾರೂ ಕೇಳದ ಪಿಗ್ಮಿ ಬಾಕಿ, ಇವು ಸಂಘದ ಸ್ವತ್ತಲ್ಲ. ಅವನ್ನು ಹುಡುಕಿ ತಲುಪಿಸುವುದು ಉಪಕಾರವಲ್ಲ, ಋಣ.

ಸಾಲ ವಸೂಲಿಯಲ್ಲಿಯೂ ಇದೇ ವಿವೇಕ ಬೇಕು. ಕಿರುಸಾಲಗಳ ವಸೂಲಿಯಲ್ಲಿ ನಡೆದ ಪೀಡನೆಯನ್ನು ತಡೆಯಲು ಕರ್ನಾಟಕವು 2025ರಲ್ಲಿ ಹೊಸ ಕಾನೂನನ್ನೇ ತರಬೇಕಾಯಿತು. ಸದಸ್ಯನ ಕಷ್ಟವನ್ನು ಬಲ್ಲ ಸಂಘಕ್ಕೆ ಪೀಡನೆಯ ಅಗತ್ಯವಿಲ್ಲ. ಆದರೆ ವಸೂಲಿಯನ್ನೇ ಕೈಬಿಡುವುದೂ ದಯೆಯಲ್ಲ. ಪ್ರಭಾವಿಯಾದ ನಿರ್ದೇಶಕನ ಸಂಬಂಧಿಯು ತೀರಿಸದ ಸಾಲವನ್ನು ಕೊನೆಗೆ ತೀರಿಸುವವಳು ಹೂವು ಮಾರುವ ಠೇವಣಿದಾರಳೇ. ಬಡವನಿಗೆ ಗಡುವನ್ನು ವಿಸ್ತರಿಸುವುದು, ಉಳ್ಳವನಿಗೆ ನೋಟೀಸು ಕಳುಹಿಸುವುದು, ಎರಡೂ ಒಂದೇ ಧರ್ಮದ ಎರಡು ಕೆಲಸಗಳು.

ಗೃಹಸ್ಥನಿಗೆ ವಿಧಿಸಿದ ಪರಿಗ್ರಹ ಪರಿಮಾಣವು ಗಳಿಕೆಯನ್ನು ನಿಷೇಧಿಸುವುದಿಲ್ಲ, ಅಳತೆಯನ್ನು ಕೇಳುತ್ತದೆ. ಸಂಘಕ್ಕೂ ಅಳತೆ ಬೇಕು. ಈ ವರ್ಷದ ವರದಿಯ ಮೊದಲ ಪುಟದಲ್ಲಿ ಆಡಳಿತ ಮಂಡಳಿಗಳು ಲಾಭಕ್ಕಿಂತ ಮೊದಲು ಐದು ಸಂಗತಿಗಳನ್ನು ಮುದ್ರಿಸಲಿ: ಐವತ್ತು ಸಾವಿರಕ್ಕೆ ಮೀರದ ಸಾಲವನ್ನು ಎಷ್ಟು ಸದಸ್ಯರು ಪಡೆದರು, ಅರ್ಜಿ ಕೊಟ್ಟ ಎಷ್ಟು ದಿನಕ್ಕೆ ಪಡೆದರು, ನಿರ್ದೇಶಕರ ಮತ್ತು ಅವರ ಸಂಬಂಧಿಗಳ ಸಾಲವೆಷ್ಟು, ನವೀಕರಿಸಿದ ಹಳೆಯ ಸಾಲವೆಷ್ಟು, ಠೇವಣಿಗೆ ವಿಮೆಯಿದೆಯೋ ಇಲ್ಲವೋ. ಇವಕ್ಕೆ ಅರ್ಧ ಪುಟ ಸಾಕು. ಮುದ್ರಿಸದಿದ್ದಲ್ಲಿ, ಸಭೆಯಲ್ಲಿ ಎದ್ದುನಿಂತು ವಿನಯದಿಂದ ಕೇಳುವ ಹಕ್ಕು ಒಂದೇ ಷೇರು ಹೊಂದಿದ ಸದಸ್ಯನಿಗೂ ಇದೆ.