ಒಂದು ಕಲ್ಲು, ಹಲವು ಓದು: ಸನ್ನತಿಯ ಶಾಸನ ಮತ್ತು ಗಣಕದ ವಸ್ತುಮಾದರಿ

ಭೀಮಾ ನದಿಯ ದಂಡೆಯಲ್ಲಿರುವ ಸನ್ನತಿಯು ಚಂದ್ರಲಾಂಬೆಯ ಕ್ಷೇತ್ರವೆಂದು ಜನಮನದಲ್ಲಿ ನೆಲೆಸಿದ ಊರು. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿಗೆ ಸೇರಿದ ಈ ಊರಿನ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿಯಿತು. ವಿಗ್ರಹದ ಪೀಠವಾಗಿದ್ದ ಚಪ್ಪಡಿಯಲ್ಲಿ ಅಶೋಕನ ಶಾಸನಗಳಿರುವುದು ಆಗ ಬೆಳಕಿಗೆ ಬಂದಿತು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. 12 ಮತ್ತು 14ನೆಯ ಬಂಡೆಗಲ್ಲು ಶಾಸನಗಳ ಭಾಗಗಳು, ಜೊತೆಗೆ ಎರಡು ಪ್ರತ್ಯೇಕ ಶಾಸನಗಳು. ವಿಗ್ರಹವನ್ನು ನಿಲ್ಲಿಸಲು ಕೊರೆದ ರಂಧ್ರದಲ್ಲಿ ಅಕ್ಷರಗಳು ನಷ್ಟವಾಗಿವೆ. ಆದರೆ ಪೀಠವಾಗಿ ಬಳಕೆಯಾದ್ದರಿಂದಲೇ ಆ ಕಲ್ಲು ಗುಡಿಯೊಳಗೆ ಉಳಿದಿತ್ತೆಂಬುದನ್ನೂ ಮರೆಯಲಾಗದು.

ಇಂತಹ ಕಲ್ಲನ್ನು ಗಣಕದಲ್ಲಿ ದಾಖಲಿಸುವುದು ಹೇಗೆ? ಶಾಸನ ಸಂಪುಟಗಳ ಪರಂಪರೆಯಿಂದ ಬಂದ ಪಟ್ಟಿಯ ಕ್ರಮ ಕನ್ನಡ ಸಂಶೋಧಕರಿಗೆ ಪರಿಚಿತ: ಕ್ರಮಸಂಖ್ಯೆ, ಊರು, ಕಾಲ, ಅರಸು, ಭಾಷೆ, ತಾತ್ಪರ್ಯ. ಒಂದು ಶಾಸನಕ್ಕೆ ಒಂದು ಸಾಲು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ತಾಲ್ಲೂಕೇ ಶಾಸನದ ಗುರುತಾಯಿತು. ಮುದ್ರಿತ ಗ್ರಂಥಕ್ಕೆ ಈ ಕ್ರಮ ಒಪ್ಪುವಂಥದು. ಸನ್ನತಿಯ ಚಪ್ಪಡಿಯನ್ನು ಅದರಲ್ಲಿ ಕೂರಿಸಹೊರಟಾಗ ತೊಡಕುಗಳು ಏಳುತ್ತವೆ. ಕಲ್ಲು ಒಂದು, ಪಠ್ಯಗಳು ನಾಲ್ಕು. ಕಾಲವೆಂದರೆ ಅಕ್ಷರ ಕೊರೆದ ಕಾಲವೋ, ಪೀಠವಾದ ಕಾಲವೋ? ಗುಲಬರ್ಗಾ ಜಿಲ್ಲೆಯು 2014ರಲ್ಲಿ ಕಲಬುರಗಿಯಾದಾಗ ಬದಲಾದದ್ದು ಸ್ಥಳದ ಹೆಸರು; ಶಾಸನದ ಗುರುತು ಬದಲಾಗಬೇಕಾಗಿಲ್ಲ.

ತಂತ್ರಾಂಶ ನಿರ್ಮಾಣದ ಕ್ಷೇತ್ರವು ಇಂತಹುದೇ ತೊಡಕಿಗೆ ಕಂಡುಕೊಂಡ ಪರಿಹಾರ ಆಬ್ಜೆಕ್ಟ್ ಓರಿಯೆಂಟೆಡ್ ಮಾದರಿ. ಇದನ್ನು ‘ವಸ್ತುನಿಷ್ಠ’ ಎಂದು ಅನುವಾದಿಸಿದರೆ ವಿಮರ್ಶೆಯ ಪರಿಭಾಷೆಯೊಡನೆ ಗೊಂದಲವಾಗುವುದರಿಂದ ‘ವಸ್ತುಕೇಂದ್ರಿತ’ ಎಂಬುದು ಲೇಸು. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ಅವರು 1960ರ ದಶಕದಲ್ಲಿ ರೂಪಿಸಿದ ಸಿಮುಲಾ ಭಾಷೆಯಲ್ಲಿ ಇದರ ಮೂಲವಿದೆ. ಲೋಕದ ವ್ಯವಹಾರವನ್ನು ವಸ್ತುಗಳಾಗಿ ಬಿಡಿಸಿ, ಪ್ರತಿಯೊಂದಕ್ಕೂ ಅದರದೇ ಗುಣಗಳನ್ನೂ ಕ್ರಿಯೆಗಳನ್ನೂ ಕೊಟ್ಟು, ಅವುಗಳ ಸಂಬಂಧವನ್ನು ಸ್ಪಷ್ಟವಾಗಿ ಹೇಳುವುದು ಇದರ ತಿರುಳು. ಸಮಾನ ಲಕ್ಷಣದ ವಸ್ತುಗಳು ಒಂದು ವರ್ಗ. ಉಪವರ್ಗವು ಮೂಲವರ್ಗದ ಲಕ್ಷಣಗಳನ್ನು ಪಡೆದು, ಬೇಕಾದೆಡೆ ಬದಲಿಸಿಕೊಳ್ಳುತ್ತದೆ. ವ್ಯಾಕರಣದ ಉತ್ಸರ್ಗ-ಅಪವಾದಗಳನ್ನು ಬಲ್ಲವರಿಗೆ ಈ ವಿಚಾರ ತೀರ ಹೊಸದಲ್ಲ. ಇಂತಹ ಮಾದರಿಗಳನ್ನು ಬರೆದು ತೋರಿಸುವ ಯುಎಂಎಲ್ ಎಂಬ ಚಿತ್ರಭಾಷೆ 1997ರಲ್ಲಿ ಮಾನಕವಾಗಿ ಅಂಗೀಕೃತವಾಯಿತು.

ಈ ದೃಷ್ಟಿಯಿಂದ ನೋಡಿದಾಗ ಸನ್ನತಿಯ ಚಪ್ಪಡಿ ಹಲವು ವಸ್ತುಗಳಾಗಿ ಬಿಡಿಸಿಕೊಳ್ಳುತ್ತದೆ. ಕಲ್ಲು ಒಂದು ವಸ್ತು. ಅದಕ್ಕೆ ಅಳತೆ, ಮುಖ, ಭಗ್ನಸ್ಥಿತಿ, ಮರುಬಳಕೆಯ ಚರಿತ್ರೆ ಇವೆ. ಪಠ್ಯ ಇನ್ನೊಂದು, ಅದು ಈ ಕಲ್ಲಿನಲ್ಲಿಯೂ ಬೇರೆ ಬಂಡೆಗಳಲ್ಲಿಯೂ ಇರಬಲ್ಲದು. ಓದು ಮೂರನೆಯದು, ಅದಕ್ಕೆ ಒಬ್ಬ ವಿದ್ವಾಂಸನಿದ್ದಾನೆ, ಒಂದು ವರ್ಷವಿದೆ. ರಂಧ್ರದಲ್ಲಿ ಕಳೆದುಹೋದ ಅಕ್ಷರಗಳನ್ನು ಅನ್ಯ ಪಾಠಗಳ ನೆರವಿನಿಂದ ತುಂಬಿದಾಗ ಆ ಪೂರಣವು ಓದಿಗೆ ಸೇರಬೇಕೇ ಹೊರತು ಕಲ್ಲಿಗಲ್ಲ. ಪಟ್ಟಿಯ ಒಂದೇ ಸಾಲಿನಲ್ಲಿ ಈ ಭೇದ ಅಳಿಸಿಹೋಗುತ್ತದೆ. ಮುಂದೆ ಆ ದತ್ತಾಂಶವನ್ನು ಹುಡುಕುವವನು ಊಹೆಯನ್ನೇ ಶಾಸನವೆಂದು ಭ್ರಮಿಸುವ ಅಪಾಯ ಉಳಿಯುತ್ತದೆ.

ಆದರೆ ವರ್ಗಗಳನ್ನು ಮೊದಲೇ ನಿರ್ಧರಿಸಿಬಿಟ್ಟರೆ ಕಾರ್ಯ ಮುಗಿಯುವುದಿಲ್ಲ. ಪ್ರತ್ಯೇಕ ಶಾಸನಗಳು ಬಹುಕಾಲ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದವು. ಎರಡೂ ಪ್ರಾಚೀನ ಕಳಿಂಗದ ನೆಲೆಗಳಾದ ಕಾರಣ ಅವಕ್ಕೆ ‘ಕಳಿಂಗ ಶಾಸನ’ಗಳೆಂಬ ಹೆಸರೇ ರೂಢಿಯಾಯಿತು. ಅಂದಿನ ಆಧಾರಕ್ಕೆ ಅದು ನ್ಯಾಯವಾದ ವರ್ಗೀಕರಣವೇ ಆಗಿತ್ತು. ಭೀಮಾತೀರದ ಒಂದು ಕಲ್ಲು ಆ ವರ್ಗದ ಎಲ್ಲೆಯನ್ನು ಒಡೆಯಿತು. ಅಷ್ಟೇ ಅಲ್ಲ, ಧೌಲಿ-ಜೌಗಡಗಳಲ್ಲಿ ಇಲ್ಲದ 12ನೆಯ ಶಾಸನ ಇಲ್ಲಿ ಪ್ರತ್ಯೇಕ ಶಾಸನಗಳ ಜೊತೆಗೇ ಇದೆ. ‘ಪ್ರದೇಶ: ಕಳಿಂಗ’ ಎಂಬುದನ್ನು ಲಕ್ಷಣವಾಗಿ ಹೊಂದಿದ ಗಣಕಮಾದರಿಯೊಂದು 1985ರಲ್ಲಿ ಸಿದ್ಧವಾಗಿದ್ದರೆ ಮರುವರ್ಷವೇ ಅದನ್ನು ಬದಲಿಸಬೇಕಾಗುತ್ತಿತ್ತು.

ಆವರ್ತನ ಕ್ರಮದ ಅಗತ್ಯ ಕಾಣುವುದು ಇಲ್ಲಿಯೇ. ಅಗತ್ಯಗಳ ಪಟ್ಟಿ, ವಿನ್ಯಾಸ, ರಚನೆ, ಪರೀಕ್ಷೆಗಳು ಒಂದರ ನಂತರ ಒಂದಾಗಿ ಕೆಳಮುಖವಾಗಿ ಸಾಗುವ ಕ್ರಮವನ್ನು ‘ಜಲಪಾತ ಮಾದರಿ’ ಎನ್ನುತ್ತಾರೆ. ಅದರ ಮೂಲವೆಂದು ಉಲ್ಲೇಖಿಸಲಾಗುವ ವಿನ್‌ಸ್ಟನ್ ರಾಯ್ಸ್ ಅವರ 1970ರ ಪ್ರಬಂಧವೇ ಅಂತಹ ಏಕಮುಖ ನಡೆ ಅಪಾಯಕಾರಿಯೆಂದು ಎಚ್ಚರಿಸಿತ್ತೆಂಬುದು ಗಮನಾರ್ಹ. ಬ್ಯಾರಿ ಬೋಮ್ ಅವರು 1980ರ ದಶಕದಲ್ಲಿ ಮಂಡಿಸಿದ ಸುರುಳಿ ಮಾದರಿಯಲ್ಲಿ ಪ್ರತಿ ಸುತ್ತಿನಲ್ಲೂ ಅಪಾಯಗಳನ್ನು ಅಳೆದು ಮುಂದಿನ ಹೆಜ್ಜೆಯನ್ನು ನಿಶ್ಚಯಿಸಲಾಗುತ್ತದೆ. ಶಾಸನಗಳ ಗಣಕೀಕರಣಕ್ಕೂ ಇದು ಹೊಂದುತ್ತದೆ: ಹತ್ತು ಶಾಸನಗಳಿಗೆ ಒಂದು ಮಾದರಿ ಕಟ್ಟಿ, ವಿದ್ವಾಂಸರು ಬಳಸಿ ನೋಡಿ, ಒಗ್ಗದ ಹನ್ನೊಂದನೆಯದನ್ನು ಮುಂದಿಟ್ಟು ತಿದ್ದುವುದು. ಸಾವಿರಾರು ಶಾಸನಗಳನ್ನು ತುಂಬಿದ ಮೇಲೆ ವರ್ಗ ತಪ್ಪೆಂದು ತಿಳಿಯುವುದಕ್ಕಿಂತ ಇದರ ಶ್ರಮ ಕಡಿಮೆ.

ಸನ್ನತಿಯ ಸಮೀಪದ ಕನಗನಹಳ್ಳಿ ಇಂತಹ ಮುಂದಿನ ಸುತ್ತಿಗೆ ನಿದರ್ಶನ. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಉತ್ಖನನದಿಂದ ಹೊರಬಂದ ಅಲ್ಲಿನ ಸ್ತೂಪದಲ್ಲಿ ‘ರಾಯೋ ಅಸೋಕೋ’ ಎಂಬ ಬರಹವುಳ್ಳ ಶಿಲ್ಪಫಲಕವಿದೆ. ಇಲ್ಲಿ ಪಠ್ಯವು ಅರಸನ ಆಜ್ಞೆಯಲ್ಲ, ಪಕ್ಕದ ಚಿತ್ರದ ಹೆಸರು. ಚಿತ್ರವನ್ನು ಬಿಟ್ಟು ಬರಹವನ್ನಷ್ಟೇ ದಾಖಲಿಸಿದರೆ ಅದರ ಅರ್ಥದ ಬಹುಭಾಗ ಹೋಗುತ್ತದೆ. ಪೀಠದ ಕಲ್ಲಿಗೆ ಸಾಕಾಗಿದ್ದ ಮಾದರಿಗೆ ಈಗ ‘ಚಿತ್ರ’ ಎಂಬ ಹೊಸ ವರ್ಗವೂ ಬರಹದೊಡನೆ ಅದರ ಸಂಬಂಧವೂ ಸೇರಬೇಕಾಗುತ್ತದೆ.

ಆವರ್ತನದಲ್ಲಿ ಒಂದು ಅಪಾಯವೂ ಇದೆ. ತಂತ್ರಾಂಶದ ಬಳಕೆದಾರನಿಗೆ ಹೊಸ ಆವೃತ್ತಿ ಬಂದೊಡನೆ ಹಳೆಯದು ಬೇಡವಾಗುತ್ತದೆ. ಶಾಸನಶಾಸ್ತ್ರದಲ್ಲಿ ಹಾಗಿಲ್ಲ. ಹಿಂದಿನ ವಿದ್ವಾಂಸರ ಓದು ತಿದ್ದುಪಡಿಯಾದ ಮೇಲೂ ಸಾಕ್ಷಿಯಾಗಿ ಉಳಿಯಬೇಕು. ಏಕೆಂದರೆ ಅವರು ಕಂಡ ಅಕ್ಷರ ಇಂದು ಸವೆದಿರಬಹುದು. ಹಳೆಯ ಓದಿನ ಮೇಲೆ ಹೊಸದನ್ನು ಬರೆಯುವ ದತ್ತಾಂಶವು ವಿಗ್ರಹಕ್ಕಾಗಿ ಕೊರೆದ ರಂಧ್ರದಂತೆಯೇ. ಹೊಸದಕ್ಕೆ ಜಾಗ ಮಾಡಿ ಹಳೆಯದನ್ನು ಕಳೆಯುತ್ತದೆ. ಆದ್ದರಿಂದ ‘ಓದು’ ಸ್ವತಂತ್ರ ವಸ್ತುವಾಗಿರಬೇಕೆಂಬುದು ತಾಂತ್ರಿಕ ಸೌಕರ್ಯಕ್ಕಿಂತ ಮಿಗಿಲಾಗಿ ವಿದ್ವತ್ತಿನ ಋಣದ ಪ್ರಶ್ನೆ. ಆ ನಿರ್ಧಾರವನ್ನು ತಂತ್ರಜ್ಞರಿಗಷ್ಟೇ ಬಿಡದೆ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕಾಗಿದೆ.

ಈ ವಿವೇಕಕ್ಕೆ ಸನ್ನತಿಯಲ್ಲಿ ಭಾಗಶಃ ಉಳಿದಿರುವ 14ನೆಯ ಶಾಸನವೇ ಆಧಾರ ಒದಗಿಸುತ್ತದೆ. ತನ್ನ ಧರ್ಮಲಿಪಿಗಳು ಕೆಲವೆಡೆ ಸಂಕ್ಷಿಪ್ತ, ಕೆಲವೆಡೆ ಮಧ್ಯಮ, ಕೆಲವೆಡೆ ವಿಸ್ತೃತವಾಗಿವೆಯೆಂದೂ ಎಲ್ಲವೂ ಎಲ್ಲೆಡೆಗೆ ಹೊಂದುವುದಿಲ್ಲವೆಂದೂ ಆ ಶಾಸನದಲ್ಲಿ ಅಶೋಕ ಹೇಳುತ್ತಾನೆ. ಬರೆದದ್ದು ಬಹಳ, ಇನ್ನೂ ಬರೆಯಿಸುವುದಿದೆ ಎನ್ನುತ್ತಾನೆ. ಲಿಪಿಕಾರನ ದೋಷದಿಂದ ಅಪೂರ್ಣವಾದವೂ ಇರಬಹುದೆಂದು ಒಪ್ಪಿಕೊಳ್ಳುತ್ತಾನೆ. ಒಂದು ಮೂಲ, ಸ್ಥಳಕ್ಕೆ ತಕ್ಕ ಹಲವು ರೂಪ, ಮುಗಿಯದ ಬರವಣಿಗೆ, ದೋಷದ ದಾಖಲೆ: ಶಾಸನಗಳ ಗಣಕಮಾದರಿಯನ್ನು ಕಟ್ಟುವವರು ತಮ್ಮ ಅಗತ್ಯಗಳ ಪಟ್ಟಿಯನ್ನು ಇಲ್ಲಿಂದಲೇ ಆರಂಭಿಸಬಹುದು.